ಹರಕೆ ಪೆಟ್ಟಿಗೆಯೊಳಗಿನ ನೀಲಿ

ಇಟಲಿಯ ಉಂಬ್ರಿಯಾ ಪ್ರಾಂತ್ಯದ ಗುಡ್ಡಗಳ ನಡುವೆ ಕಾಶಾ ಎಂಬ ಸಣ್ಣ ಊರಿದೆ. 1979ರ ಸೆಪ್ಟೆಂಬರಿನಲ್ಲಿ ಆ ಸೀಮೆಯಲ್ಲಿ ಭೂಮಿ ನಡುಗಿತು. ಆಮೇಲೆ ಅಲ್ಲಿನ ಸಂತ ರೀಟಾಳ ಮಠದಲ್ಲಿ ದುರಸ್ತಿ, ಅಲಂಕಾರದ ಕೆಲಸ ನಡೆಯುತ್ತಿದ್ದಾಗ ಕಲಾವಿದರೊಬ್ಬರಿಗೆ ಸ್ವಲ್ಪ ಚಿನ್ನ ಬೇಕಾಯಿತು. ಭಕ್ತರು ಒಪ್ಪಿಸಿದ ಹರಕೆಯ ವಸ್ತುಗಳನ್ನು ಮಠದ ಕನ್ಯಾಸ್ತ್ರೀಯರು ಜೋಪಾನವಾಗಿ ತೆಗೆದಿಟ್ಟಿದ್ದರು. ಅವುಗಳ ಪೈಕಿ ಒಂದು ಪಾರದರ್ಶಕ ಪೆಟ್ಟಿಗೆಯೂ ಇತ್ತು. ಅದರೊಳಗೆ ಚಿನ್ನವಿತ್ತು, ಚಿನ್ನದ ಪಕ್ಕದಲ್ಲೇ ನೀಲಿ ಪುಡಿಯಿತ್ತು. ಆ ನೀಲಿಯನ್ನು ಕಂಡ ಕೂಡಲೇ ಆ ಕಲಾವಿದರಿಗೆ ಇದು ಯಾರ ಕೈಯ ಕೆಲಸ ಎಂದು ಹೊಳೆಯಿತು. ಫ್ರಾನ್ಸಿನ ಕಲಾ ವಿಮರ್ಶಕ ಪಿಯೆರ್ ರೆಸ್ತಾನಿ 1980ರಲ್ಲಿ ಅದನ್ನು ನೋಡಿ ಖಚಿತಪಡಿಸಿದರು. ಪೆಟ್ಟಿಗೆ ಕಲಾವಿದ ಈವ್ ಕ್ಲೈನ್‌ನದು. ಆತ ತೀರಿಕೊಂಡು ಆಗಲೇ 18 ವರ್ಷವಾಗಿತ್ತು.

ಇಂದಿನ ಕಲೆಗೂ ಸಂತರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಪೆಟ್ಟಿಗೆ. ಸಾಮಾನ್ಯವಾಗಿ ಆ ಪ್ರಶ್ನೆಗೆ ಜನರ ಬಳಿ ಸಿದ್ಧ ಉತ್ತರವಿರುತ್ತದೆ: ಸಂಬಂಧ ಹಳಸಿದೆ, ಈಗ ಉಳಿದಿರುವುದು ಜಗಳ ಮಾತ್ರ. ಪತ್ರಿಕೆಗಳಲ್ಲಿ ಸುದ್ದಿಯಾಗುವುದೂ ಜಗಳವೇ. 1999ರಲ್ಲಿ ಬ್ರಿಟನ್ನಿನ ಕಲಾವಿದ ಕ್ರಿಸ್ ಒಫಿಲಿ ಬಿಡಿಸಿದ ಕನ್ಯೆ ಮೇರಿಯ ಚಿತ್ರ ಬ್ರೂಕ್ಲಿನ್ ಮ್ಯೂಸಿಯಮ್ಮಿಗೆ ಬಂದಾಗ ನ್ಯೂಯಾರ್ಕಿನ ಮೇಯರ್ ಮ್ಯೂಸಿಯಮ್ಮಿನ ಅನುದಾನವನ್ನೇ ನಿಲ್ಲಿಸಲು ಹೊರಟಿದ್ದರು. ಅಂಥ ಪ್ರಕರಣಗಳು ದಶಕಕ್ಕೆ ಒಂದೆರಡು ಬರುತ್ತವೆ, ಹೋಗುತ್ತವೆ. ಅವನ್ನಷ್ಟೇ ನೋಡುತ್ತ ಕುಳಿತರೆ ಕಾಶಾದ ಪೆಟ್ಟಿಗೆಯಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅದು ಕಣ್ಣಿಗೆ ಬೀಳಲಿ ಎಂದು ಮಾಡಿದ್ದೂ ಅಲ್ಲ.

ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಾತ್ರದಲ್ಲಿ ಶಾಲೆಯ ನೋಟ್‌ಬುಕ್ಕಿನಷ್ಟು: ಸುಮಾರು 21 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲ, ಮೂರು ಬೆರಳಿಗೂ ಕಡಿಮೆ ದಪ್ಪ. ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕಿನದು. ಒಳಗೆ ಅಡ್ಡಲಾಗಿ ಖಾನೆಗಳು. ಮೇಲಿನ ಸಾಲಿನಲ್ಲಿ ಮೂರು ಖಾನೆ: ಒಂದರಲ್ಲಿ ಗುಲಾಬಿ ಬಣ್ಣದ ಪುಡಿ, ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಚಿನ್ನದ ರೇಕು. ನಡುವಿನ ಖಾನೆಯಲ್ಲಿ ಕೈಯಲ್ಲಿ ಬರೆದ ಒಂದು ಕಾಗದ. ಕೆಳಗಿನ ಖಾನೆಯಲ್ಲಿ ಮತ್ತೆ ನೀಲಿ ಪುಡಿಯ ಹಾಸು, ಅದರ ಮೇಲೆ ಮೂರು ಚಿನ್ನದ ಗಟ್ಟಿ.

ಇದರಲ್ಲಿ ನನಗೆ ಎದ್ದು ಕಾಣುವುದು ನೀಲಿ ಪುಡಿ, ಪುಡಿಯಾಗಿಯೇ ಉಳಿದಿರುವುದು. ಕ್ಲೈನ್‌ನ ಬದುಕಿನ ದೊಡ್ಡ ತಲೆನೋವು ಏನೆಂದು ತಿಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮ, ಬಣ್ಣದ ಪುಡಿಗಳನ್ನು ಗೋಪುರದಂತೆ ರಾಶಿ ಹಾಕಿ ಇಟ್ಟಿರುತ್ತಾರಲ್ಲ, ಅಲ್ಲಿ ನಿಂತು ನೋಡಿದವರಿಗೆ ಒಣಪುಡಿಯ ಬಣ್ಣದ ಹೊಳಪು ಎಂಥದೆಂದು ಹೇಳಬೇಕಾಗಿಲ್ಲ. ಅದೇ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಕ್ಯಾನ್ವಾಸಿಗೆ ಬಳಿದರೆ ಎಣ್ಣೆ ಒಂದೊಂದು ಕಣವನ್ನೂ ಸುತ್ತಿಕೊಂಡು ಬಣ್ಣ ಮಂಕಾಗುತ್ತದೆ. ಎಣ್ಣೆ ಬಿಟ್ಟರೆ ಪುಡಿ ನಿಲ್ಲುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. ಕ್ಲೈನ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದ. ಕೊನೆಗೆ ಪ್ಯಾರಿಸ್ಸಿನ ಬಣ್ಣದ ವ್ಯಾಪಾರಿ ಎದುಆರ್ ಆದಾಂ ಜೊತೆ ಸೇರಿ ರೋಡೋಪಾಸ್ ಎಂಬ ಕೃತಕ ರಾಳದಲ್ಲಿ ಅಲ್ಟ್ರಾಮರೀನ್ ನೀಲಿಯನ್ನು ಕಲಸುವ ಹದ ಕಂಡುಕೊಂಡ. ಒಣಗಿದ ಮೇಲೂ ಅದು ಈಗಷ್ಟೇ ಉದುರಿಸಿದ ಪುಡಿಯಂತೆ ಕಾಣುತ್ತಿತ್ತು. ಅದಕ್ಕೆ ‘ಇಂಟರ್‌ನ್ಯಾಷನಲ್ ಕ್ಲೈನ್ ಬ್ಲೂ’ ಎಂದು ಹೆಸರಿಟ್ಟು 1960ರಲ್ಲಿ ಸರ್ಕಾರದ ದಾಖಲೆಯಲ್ಲಿ ನೋಂದಾಯಿಸಿದ. ಮರುವರ್ಷ ಸಂತ ರೀಟಾಳಿಗೆ ಒಪ್ಪಿಸಿದ ಪೆಟ್ಟಿಗೆಯಲ್ಲಿ ಮಾತ್ರ ಆ ರಾಳವೂ ಇಲ್ಲ, ಕ್ಯಾನ್ವಾಸೂ ಇಲ್ಲ. ಗೆದ್ದು ತಂದ ಉಪಾಯವನ್ನೆಲ್ಲ ಪಕ್ಕಕ್ಕಿಟ್ಟು ಬರೀ ಪುಡಿಯನ್ನು ಖಾನೆಗೆ ಸುರಿದಿದ್ದಾನೆ.

ಈ ಕ್ಲೈನ್ ಎಂಥವನು? 1928ರಲ್ಲಿ ದಕ್ಷಿಣ ಫ್ರಾನ್ಸಿನ ನೀಸ್ ನಗರದಲ್ಲಿ ಹುಟ್ಟಿದ. ಅಪ್ಪ ಫ್ರೆಡ್ ಕ್ಲೈನ್, ಅಮ್ಮ ಮರೀ ರೇಮೋಂ, ಇಬ್ಬರೂ ಚಿತ್ರಕಾರರು. ಜಪಾನಿಗೆ ಹೋಗಿ ಕೋಡೋಕಾನ್ ಸಂಸ್ಥೆಯಿಂದ ಜೂಡೋದಲ್ಲಿ ನಾಲ್ಕನೆಯ ದಾನ್ ಪಡೆದು ಬಂದ. 1957ರಲ್ಲಿ ಮಿಲಾನಿನಲ್ಲಿ ಹನ್ನೊಂದು ನೀಲಿ ಹಲಗೆಗಳನ್ನು ಪ್ರದರ್ಶಿಸಿದ. ನೀಲಿ ಬಿಟ್ಟರೆ ಅವುಗಳ ಮೇಲೆ ಬೇರೇನೂ ಇರಲಿಲ್ಲ. 1958ರ ಏಪ್ರಿಲ್ 28ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನ, ಪ್ಯಾರಿಸ್ಸಿನ ಈರಿಸ್ ಕ್ಲೇರ್ ಗ್ಯಾಲರಿಯನ್ನು ಪೂರ್ತಿ ಖಾಲಿ ಮಾಡಿ, ಗೋಡೆಗೆಲ್ಲ ಬಿಳಿ ಬಳಿದು, ಬಾಗಿಲಿಗೆ ನೀಲಿ ಪರದೆ ಕಟ್ಟಿ, ಜನರನ್ನು ಆ ಬರಿದನ್ನು ನೋಡಲು ಕರೆದ. ಬೀದಿ ತುಂಬ ಜನ ನೆರೆದರು. 1960ರಲ್ಲಿ ಸೂಟುಬೂಟು ತೊಟ್ಟು ನಿಂತು, ವಾದ್ಯದವರು ಒಂದೇ ಸ್ವರವನ್ನು ಎಳೆಯುತ್ತಿದ್ದಾಗ, ಮೈಗೆ ನೀಲಿ ಬಳಿದುಕೊಂಡ ಹೆಂಗಸರಿಂದ ಸಭಿಕರ ಎದುರಿಗೇ ಕಾಗದದ ಮೇಲೆ ಅಚ್ಚು ಮೂಡಿಸಿದ. ಅದೇ ವರ್ಷ ಗೋಡೆಯ ಮೇಲಿಂದ ಬೀದಿಗೆ ಹಾರುತ್ತಿರುವಂತೆ ಫೋಟೋ ತೆಗೆಸಿಕೊಂಡ. ಕೆಳಗೆ ಹಿಡಿದುಕೊಳ್ಳಲು ನಿಂತಿದ್ದ ಗೆಳೆಯರನ್ನು ಚಿತ್ರದಿಂದ ಅಳಿಸಲಾಗಿತ್ತು. ಒಟ್ಟಿನಲ್ಲಿ, ಏನೇ ಮಾಡಿದರೂ ಊರಿಗೆಲ್ಲ ಡಂಗುರ ಸಾರಿ ಮಾಡುವವನು.

ಅಂಥವನು ಈ ಒಂದು ಕೆಲಸವನ್ನು ಯಾರಿಗೂ ಕಾಣದಂತೆ ಮಾಡಿದ. 1961ರಲ್ಲಿ ಕಾಶಾಕ್ಕೆ ಹೋಗಿ, ಮಠದಲ್ಲಿ ಪೆಟ್ಟಿಗೆ ಕೊಟ್ಟು, ಹೆಸರು ಹೇಳದೆ ಬಂದುಬಿಟ್ಟ. ಕನ್ಯಾಸ್ತ್ರೀಯರಿಗೆ ಅದು ಸಾವಿರಾರು ಹರಕೆಗಳಲ್ಲಿ ಒಂದು. ಕಲಾಲೋಕಕ್ಕಂತೂ ಸುಳಿವೇ ಇರಲಿಲ್ಲ.

ಕೊಟ್ಟದ್ದು ಯಾರಿಗೆ ಎಂಬುದನ್ನೂ ಹೇಳಬೇಕು. ರೀಟಾ 14ನೆಯ ಶತಮಾನದ ಕೊನೆಯಲ್ಲಿ ಕಾಶಾದ ಪಕ್ಕದ ರೊಕ್ಕಾಪೊರೇನಾ ಎಂಬ ಹಳ್ಳಿಯಲ್ಲಿ ಹುಟ್ಟಿದವಳು. ಮಠ ಸೇರುವ ಆಸೆಯಿದ್ದರೂ ಹೆತ್ತವರು ಮದುವೆ ಮಾಡಿದರು. ಗಂಡ ಮುಂಗೋಪಿ. ಊರಿನ ಹಗೆತನದಲ್ಲಿ ಅವನ ಕೊಲೆಯಾಯಿತು. ಇಬ್ಬರು ಗಂಡುಮಕ್ಕಳು ಅಪ್ಪನ ಸಾವಿಗೆ ಸೇಡು ತೀರಿಸಿಕೊಳ್ಳಲು ಹೊರಟಾಗ, ಅವರ ಕೈಯಿಂದ ಇನ್ನೊಂದು ಕೊಲೆಯಾಗದಿರಲಿ ಎಂದು ತಾಯಿ ದೇವರಲ್ಲಿ ಮೊರೆಯಿಟ್ಟಳಂತೆ. ಮಕ್ಕಳು ಕಾಯಿಲೆಯಿಂದ ತೀರಿಕೊಂಡರು. ಹಗೆ ಸಾಧಿಸುತ್ತಿದ್ದ ಮನೆತನಗಳನ್ನು ರಾಜಿ ಮಾಡಿಸಿದ ಮೇಲೆಯೇ ಮಠದವರು ಆಕೆಯನ್ನು ಒಳಗೆ ಸೇರಿಸಿಕೊಂಡರು ಎನ್ನುತ್ತದೆ ಐತಿಹ್ಯ. 1457ರ ಮೇ 22ರಂದು ತೀರಿಕೊಂಡಳು. ಜನರು ಆಗಿನಿಂದಲೇ ಆಕೆಯನ್ನು ಸಂತಳೆಂದು ನಂಬಿದರೂ ಚರ್ಚು ಅಧಿಕೃತವಾಗಿ ಸಂತ ಪದವಿ ಕೊಟ್ಟದ್ದು 1900ರಲ್ಲಿ. ಜನರ ನಂಬಿಕೆಗೆ ರೋಮಿನ ಮೊಹರು ಬೀಳಲು 443 ವರ್ಷ ಹಿಡಿಯಿತು. ‘ಆಗದ ಕೆಲಸಗಳ’ ಸಂತ ಆಕೆ. ಎಲ್ಲ ಬಾಗಿಲು ಮುಚ್ಚಿದವರು, ಮುಖ್ಯವಾಗಿ ಸಂಸಾರದಲ್ಲಿ ನೊಂದ ಹೆಂಗಸರು, ಆಕೆಯ ಬಳಿ ಹೋಗುತ್ತಾರೆ.

ನಮ್ಮ ಕರಾವಳಿಯ ಓದುಗರಿಗೆ ಈ ಹೆಸರು ಹೊಸದಲ್ಲ. ಮಂಗಳೂರಿನ ಜೆಪ್ಪು ಕಡೆ ಕಾಸಿಯಾ ಎಂದು ಕರೆಯುವ ಜಾಗವಿದೆ, ಅಲ್ಲಿ ಸಂತ ರೀಟಾಳ ಚರ್ಚಿದೆ. ಇಟಲಿಯವರ ಬಾಯಲ್ಲಿ ಕಾಶಾ ಆಗುವ ಊರು ನಮ್ಮವರ ಬಾಯಲ್ಲಿ ಕಾಸಿಯಾ ಆಗಿದೆ, ಅಷ್ಟೆ.

ರೀಟಾಳ ಬಗ್ಗೆ ಹೇಳುವ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಣಕಡ್ಡಿಯ ಕಥೆ. ಹೊಸದಾಗಿ ಸೇರಿದ ಆಕೆಯ ವಿಧೇಯತೆಯನ್ನು ಪರೀಕ್ಷಿಸಲು ಮಠದ ಹಿರಿಯಳು ನೆಲದಲ್ಲಿ ಒಂದು ಒಣಗಿದ ಕಡ್ಡಿ ನೆಟ್ಟು, ಇದಕ್ಕೆ ದಿನಾಲೂ ನೀರು ಹಾಕು ಎಂದಳು. ಸತ್ತ ಕಡ್ಡಿ ಚಿಗುರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ರೀಟಾ ಹಾಕಿದಳು, ದಿನಾ ಹಾಕಿದಳು. ಒಂದು ದಿನ ಅದು ದ್ರಾಕ್ಷಿ ಬಳ್ಳಿಯಾಗಿ ಚಿಗುರಿತು. ಮಠದ ಅಂಗಳದಲ್ಲಿ ಇವತ್ತಿಗೂ ದ್ರಾಕ್ಷಿ ಬಳ್ಳಿಯನ್ನು ತೋರಿಸುತ್ತಾರೆ. ಚಿಗುರಿದ್ದು ಪವಾಡ, ಅದನ್ನು ನಂಬುವವರು ನಂಬಲಿ. ನನ್ನ ಮನಸ್ಸು ನಿಲ್ಲುವುದು ಚಿಗುರುವ ಮೊದಲಿನ ದಿನಗಳ ಹತ್ತಿರ. ಕೊಡ ಹೊತ್ತು ತಂದು, ಏನೂ ಆಗದ ಕಡೆ ನೀರು ಸುರಿದು, ಮರುದಿನ ಮತ್ತೆ ಬರುವುದಿದೆಯಲ್ಲ, ಅದು ಕಲಾವಿದರಿಗೆ ಚೆನ್ನಾಗಿ ಅರ್ಥವಾಗುವ ಕೆಲಸ. ಎಷ್ಟೋ ವರ್ಷ ಒಂದೇ ನೀಲಿಯ ಹಿಂದೆ ಬಿದ್ದು, ನೋಡಿದವರಿಂದ ಇದೆಂಥ ಹುಚ್ಚು ಅನ್ನಿಸಿಕೊಂಡವನಿಗೆ ಈ ಸಂತಳೇ ಏಕೆ ಬೇಕಾದಳು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಬೇರೆ ಕಾರಣವೂ ಇದೆ ನಿಜ. ಕ್ಲೈನ್‌ನನ್ನು ಬಾಲ್ಯದಲ್ಲಿ ಬಹುಪಾಲು ಸಾಕಿದವಳು ಅಮ್ಮನ ಅಕ್ಕ ರೋಸ್ ದೊಡ್ಡಮ್ಮ. ಅವಳಿಗೆ ರೀಟಾಳಲ್ಲಿ ಅಪಾರ ನಂಬಿಕೆ. ನೀಸ್‌ನ ಹಳೆಯ ಪೇಟೆಯಲ್ಲಿ ಜನ ಸಂತ ರೀಟಾಳ ಗುಡಿಯೆಂದೇ ಕರೆಯುವ ಪುಟ್ಟ ಚರ್ಚೊಂದಿದೆ. ಹುಡುಗ ಬೆಳೆದ ಊರಿನಲ್ಲೇ ಹೀಗೆ ಸಂತಳಿದ್ದಳು. ಬೆಳೆದು, ಪ್ಯಾರಿಸ್ಸಿಗೆ ಹೋಗಿ, ಕಲೆಯನ್ನು ತಲೆಕೆಳಗು ಮಾಡುತ್ತೇನೆ ಎಂದು ಹೊರಟವನು ದೊಡ್ಡಮ್ಮನ ಸಂತಳನ್ನು ಬಿಡಲಿಲ್ಲ. ಒಂದಕ್ಕಿಂತ ಹೆಚ್ಚು ಬಾರಿ ಕಾಶಾಕ್ಕೆ ಹೋದ.

ಈಗ ನಡುವಿನ ಖಾನೆಯ ಕಾಗದ. ಅದೊಂದು ಪ್ರಾರ್ಥನೆ. ತನ್ನ ಹಿಂದಿನ, ಮುಂದಿನ ಕೆಲಸವನ್ನೆಲ್ಲ ಸಂತಳ ಕೈಗೆ ಒಪ್ಪಿಸುತ್ತಾನೆ. ಆಮೇಲೆ ಬೇಡಿಕೆಗಳು ಶುರು. ಜರ್ಮನಿಯ ಗೆಲ್ಸೆನ್‌ಕಿರ್ಶೆನ್ ನಗರದ ರಂಗಮಂದಿರಕ್ಕೆ ತಾನು ಮಾಡಿದ ದೊಡ್ಡ ನೀಲಿ ಫಲಕಗಳು ಸದಾ ಚೆನ್ನಾಗಿರಲಿ. ಕ್ರೇಫೆಲ್ಡ್‌ನಲ್ಲಿ ನಡೆಯುವ ತನ್ನ ಪ್ರದರ್ಶನ ಶತಮಾನದಲ್ಲೇ ದೊಡ್ಡ ಯಶಸ್ಸಾಗಲಿ, ಎಲ್ಲರೂ ಅದನ್ನು ಒಪ್ಪಲಿ. ಶತ್ರುಗಳು ಮಿತ್ರರಾಗಲಿ, ಅದಾಗದಿದ್ದರೆ ಅವರ ಆಟ ತನ್ನ ಮೇಲೆ ನಡೆಯದಿರಲಿ. ತಾನು ಯೋಗ್ಯನಲ್ಲದಿದ್ದರೂ ಹೊಸ ಹೊಸ ಚೆಲುವು ತನ್ನ ಮೂಲಕ ಹುಟ್ಟುತ್ತಿರಲಿ.

ಇದನ್ನು ಓದಿ ಕೆಲವರು ಮೂಗು ಮುರಿಯುತ್ತಾರೆ. ಇದರಲ್ಲಿ ಭಕ್ತಿ ಎಲ್ಲಿದೆ, ಬರೀ ಆಸೆಬುರುಕತನ, ಕೀರ್ತಿಯ ಹಪಾಹಪಿ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹರಕೆ ಎಂದರೇನೆಂದು ಗೊತ್ತಿರುವ ಯಾರಿಗೂ ಹಾಗೆ ಅನ್ನಿಸಬಾರದು.

ನಮ್ಮ ಮನೆಯಲ್ಲಿ ಅಜ್ಜಿಯ ಒಂದು ಮುಡಿಪಿತ್ತು. ಅರಿಶಿನದ ನೀರಿನಲ್ಲಿ ಅದ್ದಿದ ಬಿಳಿಬಟ್ಟೆಯ ಚೂರು, ಅದರೊಳಗೆ ನಾಣ್ಯ, ಮೇಲೆ ಬಿಗಿಯಾಗಿ ಹಾಕಿದ ಗಂಟು. ದೇವರ ಗೂಡಿನ ಹಿಂದೆ ಇಟ್ಟಿರುತ್ತಿದ್ದರು. ತಿಂಗಳಿಗೊಮ್ಮೆ ಗಂಟು ಬಿಚ್ಚಿ ಇನ್ನೊಂದು ಎಂಟಾಣೆ ಸೇರಿಸುತ್ತಿದ್ದರು. ಏನು ಬೇಡ್ಕೊಂಡಿದೀಯ ಅಜ್ಜಿ ಎಂದು ನಾನು ಎಷ್ಟು ಸಲ ಕೇಳಿದರೂ ಉತ್ತರ ಒಂದೇ: ‘ಹೇಳಿದ್ರೆ ಹರಕೆ ಕಳೆದುಹೋಗುತ್ತೆ ಮಗ.’ ಅಜ್ಜಿ ಬೇಡಿಕೊಂಡದ್ದು ಮೋಕ್ಷವನ್ನಲ್ಲ, ಅಷ್ಟು ನನಗೆ ಆಗಲೂ ಗೊತ್ತಿತ್ತು. ಚಿಕ್ಕಪ್ಪನ ಕೆಲಸವೋ, ಅತ್ತೆಯ ಮಗುವೋ, ತಮ್ಮನ ಜ್ವರವೋ, ಇಂಥದ್ದೇ ಇರಬೇಕು. ಗಂಟನ್ನು ಕೊನೆಗೆ ತಿರುಪತಿಯ ಹುಂಡಿಗೆ ಹಾಕಿ ಬಂದ ದಿನ ಅಜ್ಜಿಯ ಮುಖ ಹಗುರಾಗಿದ್ದದ್ದು ನೆನಪಿದೆ. ಏನೆಂದು ಅವತ್ತೂ ಹೇಳಲಿಲ್ಲ.

ಹರಕೆ ಹೊರುವವರು ತಮ್ಮ ಆಸೆಯನ್ನು ಮುಚ್ಚಿಡದೆ ದೇವರ ಮುಂದಿಡುತ್ತಾರೆ. ಮನುಷ್ಯರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವ ಆಸೆಯೂ ಅಲ್ಲಿ ಹೊರಬರುತ್ತದೆ. ಕ್ಲೈನ್ ಸಭೆಗಳಲ್ಲಿ ಶೂನ್ಯ, ಅನಂತ, ಅಮೂರ್ತ ಎಂದೆಲ್ಲ ಮಾತಾಡಿದವನು. ಸಂತಳ ಮುಂದೆ ಮಾತ್ರ, ನನ್ನ ಪ್ರದರ್ಶನ ಗೆಲ್ಲಲಿ ತಾಯಿ, ಶತ್ರುಗಳ ಕಾಟ ತಪ್ಪಲಿ ಎಂದ. ಆತನ ಇಡೀ ಬರವಣಿಗೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ನನಗೆ ಕಂಡಿಲ್ಲ.

ಚಿನ್ನದ ಗಟ್ಟಿಗಳ ಹಿನ್ನೆಲೆ ತಿಳಿದರೆ ವಿಷಯ ಇನ್ನೂ ಬಿಗಿಯಾಗುತ್ತದೆ. 1959ರಿಂದ ಕ್ಲೈನ್ ಏನೂ ಇಲ್ಲದ್ದನ್ನು ಮಾರತೊಡಗಿದ್ದ. ಬರಿಯ ಜಾಗವನ್ನು, ಚಿತ್ರದ ಅನುಭವದ ‘ನಿರಾಕಾರ ವಲಯ’ ಎಂಬುದನ್ನು, ಕೊಳ್ಳುವವರು ಹಣದ ಬದಲು ಚಿನ್ನದ ತೂಕ ಕೊಟ್ಟು ಪಡೆಯಬೇಕು. ಅದಕ್ಕೆ ಆತ ರಸೀದಿ ಕೊಡುತ್ತಾನೆ. ವ್ಯವಹಾರ ಪೂರ್ತಿಯಾಗಬೇಕಾದರೆ ಕೊಂಡವರು ರಸೀದಿಯನ್ನು ಸುಟ್ಟುಹಾಕಬೇಕು, ಆತ ಚಿನ್ನದಲ್ಲಿ ಅರ್ಧವನ್ನು ನದಿಗೋ ಸಮುದ್ರಕ್ಕೋ ಎಸೆಯಬೇಕು. 1962ರ ಜನವರಿಯಲ್ಲಿ ಪ್ಯಾರಿಸ್ಸಿನ ಸೇನ್ ನದಿಯ ದಂಡೆಯಲ್ಲಿ ಇಟಲಿಯ ಲೇಖಕ ದೀನೋ ಬುತ್ಸಾತಿ ಜೊತೆ ಈ ವಿಧಿ ನಡೆಯಿತು. ಅದರ ಫೋಟೋಗಳಿವೆ, ಸಾಕ್ಷಿಗಳಿದ್ದರು. ಅದಕ್ಕೂ ಒಂದು ವರ್ಷ ಮೊದಲು, ಮೊದಲ ನಾಲ್ಕು ವಲಯಗಳ ಮಾರಾಟದಿಂದ ಬಂದ ಚಿನ್ನ ಫೋಟೋ ಇಲ್ಲದೆ, ಸಾಕ್ಷಿ ಇಲ್ಲದೆ ಕಾಶಾದ ಪೆಟ್ಟಿಗೆ ಸೇರಿತ್ತು. ಹೀಗೆಂದು ಆ ಕಾಗದದಲ್ಲೇ ಬರೆದಿದ್ದಾನೆ. ಅಂದರೆ ಮೊದಲ ಫಲ ಸಂತಳಿಗೆ. ಮೊದಲ ಗೊನೆ, ಮೊದಲ ಹಾಲು ದೇವರಿಗೆ ಎತ್ತಿಡುವ ರೈತನ ಲೆಕ್ಕವೇ ಇದು.

ಸಂತತನ ಮತ್ತು ಕಲೆ ಎಂದಾಗ ಜನ ಇನ್ನೊಂದು ದಾರಿಯನ್ನೂ ಹಿಡಿಯುತ್ತಾರೆ: ಕಲಾವಿದನನ್ನೇ ಸಂತನನ್ನಾಗಿ ಮಾಡುವುದು. ವ್ಯಾನ್ ಗೋ ಇದಕ್ಕೆ ದೊಡ್ಡ ಉದಾಹರಣೆ. ಆತನ ಹಾಸಿಗೆ, ಕುರ್ಚಿ, ಕಿವಿ, ಸಮಾಧಿ ಎಲ್ಲವೂ ಯಾತ್ರಿಕರ ವಸ್ತುಗಳಾಗಿವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞೆ ನತಾಲಿ ಐನಿಕ್ 1991ರಲ್ಲಿ ಈ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಬೆಲ್ಜಿಯಮ್ಮಿನ ಗಣಿ ಕಾರ್ಮಿಕರ ನಡುವೆ ಬೋಧಕನಾಗಿದ್ದಾಗ ವ್ಯಾನ್ ಗೋ ತನ್ನದೆಲ್ಲವನ್ನೂ ಬಡವರಿಗೆ ಕೊಟ್ಟು, ನೆಲದ ಮೇಲೆ ಮಲಗಿ, ಆ ಕಾರಣಕ್ಕೇ ಕೆಲಸ ಕಳೆದುಕೊಂಡದ್ದು ನಿಜ. ಆದರೂ ಕಲಾವಿದನಿಗೆ ಪ್ರಭಾವಳಿ ಕಟ್ಟುವ ಈ ಚಟ ನನಗೆ ಒಪ್ಪಿಗೆಯಿಲ್ಲ. ಅದರಿಂದ ಕಲೆಯೂ ಸರಿಯಾಗಿ ಕಾಣುವುದಿಲ್ಲ, ಸಂತತನದ ಕಠಿಣತೆಯೂ ಕಾಣುವುದಿಲ್ಲ. ಕ್ಲೈನ್ ಸಂತನಲ್ಲ. ಸಂತಳೊಬ್ಬಳ ಬಾಗಿಲಿಗೆ ಹೋಗಿ ನಿಂತವನು. ಅಷ್ಟು ಹೇಳಿದರೆ ಸಾಕು, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಇನ್ನೊಬ್ಬನ ಕಥೆಯೂ ಇದಕ್ಕೆ ಹತ್ತಿರದ್ದು. ಸೂಪ್ ಡಬ್ಬಿಗಳ ಚಿತ್ರ ಬಿಡಿಸಿದ ಆಂಡಿ ವಾರ್ಹಾಲ್ ಹೆಸರು ಕಲೆಯ ಗಂಧವಿಲ್ಲದವರಿಗೂ ಗೊತ್ತು. ಅವನ ತಾಯ್ತಂದೆ ಇಂದಿನ ಸ್ಲೊವಾಕಿಯಾದ ಹಳ್ಳಿಯಿಂದ ಅಮೆರಿಕಕ್ಕೆ ಹೋದವರು, ಪೂರ್ವ ಪದ್ಧತಿಯ ಕ್ಯಾಥೊಲಿಕರು. ಪಿಟ್ಸ್‌ಬರ್ಗ್‌ನಲ್ಲಿ ಅವರು ಹೋಗುತ್ತಿದ್ದ ಚರ್ಚಿನಲ್ಲಿ ಗರ್ಭಗುಡಿಯ ಮುಂದೆ ಸಂತರ ಚಿತ್ರಪಟಗಳ ಒಂದು ಇಡೀ ಗೋಡೆ. ಬಂಗಾರದ ಹಿನ್ನೆಲೆ, ನೇರ ನೋಟದ ಮುಖ, ಸಾಲುಸಾಲಾಗಿ. ಹುಡುಗ ಭಾನುವಾರಗಳಲ್ಲಿ ತಾಯಿಯ ಪಕ್ಕ ಕೂತು ನೋಡಿದ್ದು ಅದನ್ನೇ. 1962ರಲ್ಲಿ ನಟಿ ಮರ್ಲಿನ್ ಮನ್ರೋ ಸತ್ತಾಗ ಅವನು ಅವಳ ಮುಖವನ್ನು ದೊಡ್ಡ ಬಂಗಾರ ಬಣ್ಣದ ಕ್ಯಾನ್ವಾಸಿನ ನಡುವೆ ಪುಟ್ಟದಾಗಿ ಅಚ್ಚೊತ್ತಿದ. ಆ ಬಂಗಾರ ಎಲ್ಲಿಂದ ಬಂತೆಂದು ಆ ಚರ್ಚಿನ ಗೋಡೆ ನೋಡಿದವರಿಗೆ ತಿಳಿಯುತ್ತದೆ.

ವಾರ್ಹಾಲ್ ತೀರಿಕೊಂಡದ್ದು 1987ರ ಫೆಬ್ರುವರಿ 22ರಂದು. ಏಪ್ರಿಲ್ ಒಂದರಂದು ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಕೆಥೆಡ್ರಲ್ಲಿನಲ್ಲಿ ನಡೆದ ಸ್ಮರಣೆಯ ಸಭೆಯಲ್ಲಿ ಕಲಾ ಇತಿಹಾಸಕಾರ ಜಾನ್ ರಿಚರ್ಡ್‌ಸನ್ ಮಾತಾಡಿದರು. ನೆರೆದವರಲ್ಲಿ ಬಹಳ ಜನ ಆತನ ಪಾರ್ಟಿ, ಹಣ, ಹೆಸರುಗಳ ಮುಖವನ್ನಷ್ಟೇ ಕಂಡವರು. ಆತ ಎಷ್ಟೊಂದು ಸಲ ಸದ್ದಿಲ್ಲದೆ ಚರ್ಚಿಗೆ ಹೋಗಿ ಬರುತ್ತಿದ್ದ, ಮನೆಯಿಲ್ಲದವರಿಗೆ ಊಟ ಹಾಕುವ ಕಡೆ ಕೈಜೋಡಿಸುತ್ತಿದ್ದ ಎಂಬುದು ಅವರಿಗೆ ಅವತ್ತು ತಿಳಿಯಿತು. ಕ್ಯಾಮೆರಾ, ಟೇಪ್ ರೆಕಾರ್ಡರ್ ಇಲ್ಲದೆ ಮನೆಯಿಂದ ಹೊರಡದವನು, ತನ್ನ ದಿನದ ಖರ್ಚನ್ನೂ ದಾಖಲೆಗೆ ಸೇರಿಸಿದವನು, ಹಬ್ಬದ ದಿನ ಬಡವರ ಪಂಕ್ತಿಯಲ್ಲಿ ಬಡಿಸಿದ್ದನ್ನು ಪ್ರಚಾರಕ್ಕೆ ಬಳಸಲಿಲ್ಲ.

ಇವರಿಬ್ಬರೂ ಪ್ರಚಾರವನ್ನೇ ಕಲೆಯ ಸಾಮಗ್ರಿ ಮಾಡಿಕೊಂಡವರು. ತೋರಿಸಿಕೊಳ್ಳುವುದು ಅವರ ಕಸುಬು. ಆದ್ದರಿಂದಲೇ ತೋರಿಸದೆ ಇಟ್ಟುಕೊಂಡದ್ದಕ್ಕೆ ತೂಕ ಬರುತ್ತದೆ. ಹಿಂದಿನ ಕಾಲದಲ್ಲಿ ಸಂತತನ ಕಲೆಗೆ ವಸ್ತುವನ್ನು ಕೊಡುತ್ತಿತ್ತು: ಗೋಡೆ ತುಂಬ ಸಂತರ ಕಥೆ, ಕಿಟಕಿ ತುಂಬ ಸಂತರ ಮುಖ. ಬಿಡಿಸುವುದಕ್ಕೆ ಕಾಸು ಕೊಡುವ ಮಠವಿತ್ತು, ನೋಡಿ ಅರ್ಥಮಾಡಿಕೊಳ್ಳುವ ಜನರಿದ್ದರು. ಆ ಏರ್ಪಾಡು ಹೋಯಿತು. ಇವತ್ತಿನ ಕಲಾವಿದ ಬದುಕುವುದು ನೋಡುಗರ ಕಣ್ಣಿನ ಮೇಲೆ: ಗ್ಯಾಲರಿ, ಬಿನಾಲೆ, ಹರಾಜು, ಈಗ ಫೋನಿನ ಪರದೆ. ಕಾಣದಿದ್ದರೆ ಅವನಿಲ್ಲ. ಇಂಥ ಕಲಾವಿದನಿಗೆ ಸಂತ ಕೊಡಬಹುದಾದದ್ದು, ನೋಡುಗರಿಲ್ಲದ ಒಂದು ಜಾಗ. ಮಾರಬೇಕಾಗಿಲ್ಲದ, ವಿಮರ್ಶೆಗೆ ಸಿಕ್ಕದ, ಕೊಟ್ಟು ಮರೆಯಬಹುದಾದ ಜಾಗ. ನನ್ನ ಮಟ್ಟಿಗೆ ಸಂತತನಕ್ಕೂ ಇಂದಿನ ಕಲೆಗೂ ಇರುವ ನಿಜವಾದ ಸಂಬಂಧ ಅದೇ.

ಸಂತರನ್ನು ನೇರವಾಗಿ ಚಿತ್ರಿಸಹೊರಟ ಆಧುನಿಕರೂ ಏನನ್ನೋ ಮರೆಮಾಡಿಯೇ ಚಿತ್ರಿಸಿದ್ದಾರೆ ಎಂಬುದು ಗಮನಿಸಬೇಕಾದ ಮಾತು. ಚಿತ್ರಕಾರ ಮತೀಸ್ ತನ್ನ ಮುದಿವಯಸ್ಸಿನಲ್ಲಿ ಫ್ರಾನ್ಸಿನ ವಾನ್ಸ್ ಎಂಬಲ್ಲಿ ಒಂದು ಪ್ರಾರ್ಥನಾ ಮಂದಿರ ರೂಪಿಸಿದ. 1951ರಲ್ಲಿ ಅದರ ಪ್ರತಿಷ್ಠೆಯಾಯಿತು. ಹಿಂದೊಮ್ಮೆ ತನ್ನ ಶುಶ್ರೂಷೆ ಮಾಡಿ ಆಮೇಲೆ ಕನ್ಯಾಸ್ತ್ರೀಯಾದ ಹುಡುಗಿಯ ಸ್ನೇಹಕ್ಕಾಗಿ ಆತ ಹೊತ್ತುಕೊಂಡ ಕೆಲಸ ಅದು. ಅಲ್ಲಿನ ಬಿಳಿ ಹೆಂಚಿನ ಗೋಡೆಯ ಮೇಲೆ ಕಪ್ಪು ಗೆರೆಗಳಲ್ಲಿ ನಿಂತಿರುವ ಸಂತ ಡೊಮಿನಿಕ್‌ನಿಗೆ ಮುಖದ ಅಂಡಾಕಾರ ಮಾತ್ರ ಇದೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನಮ್ಮ ಎಂ.ಎಫ್. ಹುಸೇನ್ ಅವರು ಮದರ್ ತೆರೇಸಾ ಅವರನ್ನು ಬಿಡಿಸಿದ ಚಿತ್ರಸರಣಿಯೂ ಹಾಗೆಯೇ. ನೀಲಿ ಅಂಚಿನ ಬಿಳಿ ಸೀರೆ, ಅದರ ಮಡಿಕೆಗಳು, ಮಡಿಲಲ್ಲಿ ಮಗು, ಎತ್ತಿಹಿಡಿಯುವ ಕೈಗಳು. ಸೆರಗಿನೊಳಗೆ ಮುಖವಿರಬೇಕಾದ ಕಡೆ ಕತ್ತಲು. ಆ ಚಿತ್ರಗಳು ಬಂದಾಗ ತೆರೇಸಾ ಇನ್ನೂ ಬದುಕಿದ್ದರು, ಅವರ ಮುಖ ಇಡೀ ಜಗತ್ತಿಗೆ ಗೊತ್ತಿತ್ತು, ನೂರಾರು ಫೋಟೋಗಳಿದ್ದವು. ಗುರುತಿಗಾಗಿ ಮುಖ ಬೇಕಾಗಿಯೇ ಇರಲಿಲ್ಲ. ಹುಸೇನ್ ಮುಖ ಬಿಟ್ಟು ಕೈ ಇಟ್ಟುಕೊಂಡರು. ಅವರು ಮಾಡಿದ ಚಿತ್ರಗಳಲ್ಲಿ ನನಗೆ ಬಹಳ ಬೇಕಾದವು ಅವೇ. ತೆರೇಸಾ ಅವರಿಗೆ ರೋಮಿನಲ್ಲಿ ಸಂತ ಪದವಿ ಸಿಕ್ಕಿದ್ದು 2016ರ ಸೆಪ್ಟೆಂಬರ್ 4ರಂದು. ಅವತ್ತು ಸಂತ ಪೀಟರ್ ಬಸಿಲಿಕದ ಮುಂಭಾಗದಲ್ಲಿ ತೂಗುಬಿಟ್ಟಿದ್ದ ದೊಡ್ಡ ಪಟದಲ್ಲಿ ಅವರ ಮುಖವೇ ಇತ್ತು. ಭಕ್ತರಿಗೆ ಮುಖ ಬೇಕು, ಅದು ತಪ್ಪಲ್ಲ. ಹುಸೇನ್ ತುಂಬದೆ ಬಿಟ್ಟ ಆ ಕತ್ತಲ ಮುಂದೆ ನಿಂತಾಗ ನೋಡುವವರಿಗೆ ತಮ್ಮನ್ನು ಎಂದೋ ಎತ್ತಿ ಆಡಿಸಿದವರು ನೆನಪಾಗುತ್ತಾರೆ, ನನಗೆ ಆಗಿದ್ದಾರೆ.

ಗುಟ್ಟಾಗಿ ಕೊಟ್ಟ ಪೆಟ್ಟಿಗೆ ಈಗ ಗುಟ್ಟಾಗಿ ಉಳಿದಿಲ್ಲವಲ್ಲ ಎಂದು ಕೇಳಬಹುದು. ಹೌದು. ಕ್ಲೈನ್ ಬಗ್ಗೆ ಬಂದ ಪುಸ್ತಕಗಳಲ್ಲಿ ಅದರ ಬಣ್ಣದ ಫೋಟೋ ಇದೆ, ಪ್ರಾರ್ಥನೆಯ ಒಂದೊಂದು ಸಾಲಿಗೂ ವ್ಯಾಖ್ಯಾನವಿದೆ, ನಾನೂ ಇಲ್ಲಿ ಅದರ ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ. ಅಜ್ಜಿಯ ಮುಡಿಪನ್ನು ಯಾರೋ ಬಿಚ್ಚಿ ನೋಡಿದ ಹಾಗೆ ಒಮ್ಮೊಮ್ಮೆ ಮುಜುಗರವೂ ಆಗುತ್ತದೆ. ಒಂದು ಸಮಾಧಾನವೆಂದರೆ ಅದನ್ನು ಬಿಚ್ಚಿಸಿದ್ದು ಕಲಾಲೋಕದ ಕುತೂಹಲವಲ್ಲ. ಭೂಕಂಪವಾಯಿತು, ಚಿನ್ನ ಬೇಕಾಯಿತು, ಮಠದವರು ತಮ್ಮಲ್ಲಿದ್ದದ್ದನ್ನು ಹುಡುಕಿದರು. ಹತ್ತೊಂಬತ್ತು ವರ್ಷ ಅದು ಯಾರ ಕಣ್ಣಿಗೂ ಕಲಾಕೃತಿಯಾಗಿರಲಿಲ್ಲ; ಯಾರದೋ ಕಷ್ಟ, ಯಾರದೋ ಕೃತಜ್ಞತೆ ಎಂದಷ್ಟೇ ತಿಳಿದು ಆ ಹೆಂಗಸರು ಅದನ್ನು ಕಾಪಾಡಿದ್ದರು. ಇಪ್ಪತ್ತನೆಯ ಶತಮಾನದ ಕಲಾಕೃತಿಗೆ ಇಷ್ಟು ಒಳ್ಳೆಯ ಪಾಲಕರು ಸಿಕ್ಕ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಆತನ ಹರಕೆ ಫಲಿಸಿತೆ? ಪ್ರಾರ್ಥನೆಯಲ್ಲಿ ಬೇಡಿದ ಕ್ರೇಫೆಲ್ಡ್ ಪ್ರದರ್ಶನವನ್ನು ಕಲಾ ಇತಿಹಾಸ ಮರೆತಿಲ್ಲ. ಗೆಲ್ಸೆನ್‌ಕಿರ್ಶೆನ್ನಿನ ರಂಗಮಂದಿರದ ಒಳಾಂಗಣದಲ್ಲಿ ನೀಲಿ ಫಲಕಗಳು ಇವತ್ತಿಗೂ ಇವೆ, ನಾಟಕ, ಸಂಗೀತಕ್ಕೆ ಬರುವ ಜನ ಅವುಗಳ ಮುಂದೆ ಹಾದು ಹೋಗುತ್ತಾರೆ. 1962ರ ಜನವರಿಯಲ್ಲಿ ರೋತ್ರೌತ್ ಎಂಬ ಕಲಾವಿದೆಯ ಜೊತೆ ಕ್ಲೈನ್‌ನ ಮದುವೆಯಾಯಿತು. ಮೇ ತಿಂಗಳಲ್ಲಿ ಮೊದಲ ಹೃದಯಾಘಾತ, ಜೂನ್ 6ಕ್ಕೆ ಸಾವು. ಆಗ ವಯಸ್ಸು 34. ಮಗ ಹುಟ್ಟಿದ್ದು ಆಮೇಲೆ, ಆಗಸ್ಟಿನಲ್ಲಿ. ದೀರ್ಘಾಯುಷ್ಯವನ್ನು ಆತ ಕೇಳಿಕೊಂಡಿರಲಿಲ್ಲ.

‘ನಿರಾಕಾರ ವಲಯ’ಕ್ಕೆ ಆತ ಕೊಟ್ಟ ರಸೀದಿಗಳಲ್ಲಿ ಸುಡದೆ ಉಳಿದ ಒಂದು 2022ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಹತ್ತು ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಹೋಯಿತು. ಮೂರು ಚಿನ್ನದ ಗಟ್ಟಿಗಳು ನೀಲಿ ಹಾಸಿನ ಮೇಲೆ ಮಲಗಿರುವ ಪೆಟ್ಟಿಗೆ ಮಾತ್ರ ಯಾವ ಹರಾಜಿಗೂ ಬಂದಿಲ್ಲ. ಅದು ಕಾಶಾದ ಕನ್ಯಾಸ್ತ್ರೀಯರದು.